ಸದ್ದು ಎಲ್ಲಿ ಬೇಡ ಅನ್ನುವುದು ಮೊದಲ ಪ್ರಶ್ನೆ: ಆಕ್ಟೇವಿಯಾ ಆರ್‌ಎಸ್‌ಗೆ ಹೊಸ ಎಕ್ಸಾಸ್ಟ್

ಎಕ್ಸಾಸ್ಟ್ ಬದಲಿಸಬೇಕು ಎಂದು ನಮ್ಮ ಶೆಡ್ಡಿಗೆ ಬರುವ ಗೆಳೆಯರನ್ನು ನಾನು ಮೊದಲು ಕೇಳುವುದು ಇಷ್ಟೇ: ನಿಮ್ಮ ಕಾರು ಯಾವಾಗ ಸುಮ್ಮನಿರಬೇಕು? ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಅವರು ಬಂದಿರುವುದು ಸದ್ದು ಮಾಡಿಸುವುದಕ್ಕೆ.

ಸದ್ದು ಮಾಡಿಸುವುದು ಕಷ್ಟದ ಕೆಲಸವೇ ಅಲ್ಲ. ಹಿಂದಿನ ಸೈಲೆನ್ಸರ್ ಕತ್ತರಿಸಿ ಆ ಜಾಗಕ್ಕೆ ಒಂದು ಪೈಪ್ ತುಂಡು ಬೆಸೆದರೆ ಮುಗಿಯಿತು, ಇಡೀ ಬಡಾವಣೆಗೆ ಗೊತ್ತಾಗುತ್ತದೆ. ಬೆಳಗ್ಗೆ ಆರಕ್ಕೆ ಸ್ಟಾರ್ಟ್ ಮಾಡಿದಾಗ ಪಕ್ಕದ ಮನೆಯವರು ಏಳಬಾರದು. ತುಮಕೂರು ರಸ್ತೆಯಲ್ಲಿ ನೂರರ ವೇಗದಲ್ಲಿ ಹೋಗುವಾಗ ಹಿಂದೆ ಕೂತ ಅಮ್ಮನಿಗೆ ತಲೆನೋವು ಬರಬಾರದು. ಆದರೆ ಕಾಲು ಒತ್ತಿ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮುಳ್ಳು ನಾಲ್ಕು ಸಾವಿರ ದಾಟಿದ ಮೇಲೆ ಕಾರು ಬಾಯಿ ಬಿಡಬೇಕು. ಈ ಮೂರನ್ನೂ ಒಟ್ಟಿಗೆ ಸಾಧಿಸುವುದೇ ಕೆಲಸ. ಉಳಿದದ್ದೆಲ್ಲ ಬರೀ ಪೈಪು.

ನನ್ನ ದಂಧೆ ಪೀಣ್ಯದಲ್ಲಿ. ಹಾಲಿನ ಡೇರಿಗಳಿಗೆ, ಔಷಧ ಕಾರ್ಖಾನೆಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಬೆಸೆದು ಕೊಡುವುದು. ಕಾರು ಹವ್ಯಾಸ ಅಷ್ಟೇ. ನನ್ನ ಹತ್ತಿರ ಇರುವುದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230, ಭಾರತಕ್ಕೆ 2017ರಲ್ಲಿ ಬಂದದ್ದು. 2.0 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್ ಪವರ್, 350 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಆರು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಇಲ್ಲಿ ಬರೆಯುವುದೆಲ್ಲ ಆ ಕಾರನ್ನು ಮುಂದಿಟ್ಟುಕೊಂಡು. ಬೇರೆ ಟರ್ಬೊ ಪೆಟ್ರೋಲ್ ಕಾರಿದ್ದರೂ ಮುಕ್ಕಾಲು ಪಾಲು ಹೊಂದುತ್ತದೆ.

ಕಾನೂನಿನ ಮಾತು, ಬೇಗ ಮುಗಿಸೋಣ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ. 190ನೇ ಕಲಂನ ಎರಡನೇ ಭಾಗ ಸದ್ದು ಮತ್ತು ಹೊಗೆಯ ಮಿತಿ ಮೀರಿದವರಿಗೆ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಲೈಸೆನ್ಸ್ ಕೂಡ ಮೂರು ತಿಂಗಳು ಹೋಗುತ್ತದೆ. ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವುದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದೀರಿ, ಅಲ್ವಾ?

ಹೊಸ ಕಾರಿಗೆ ಇರುವ ಸದ್ದಿನ ಮಿತಿ 74 ಡೆಸಿಬಲ್. ಕಾರು ವೇಗ ಹೆಚ್ಚಿಸಿಕೊಂಡು ಹಾದುಹೋಗುವಾಗ ಪಕ್ಕದಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ. ಹಾಗಾಗಿ ಸೈಲೆನ್ಸರ್‌ಗೆ ಕೈ ಹಾಕುವವರು ಎರಡು ವಿಷಯ ಒಪ್ಪಿಕೊಂಡೇ ಕೈ ಹಾಕಬೇಕು. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಚಿಕ್ಕದಾಗಿ ಕ್ಯಾಟ್) ಕಾರಲ್ಲೇ ಉಳಿಯಬೇಕು. ಕಂಪನಿಯ ಹಳೆ ಸೈಲೆನ್ಸರ್ ಗುಜರಿಗೆ ಹೋಗದೆ ಮನೆಯ ಅಟ್ಟದ ಮೇಲೆ ಇರಬೇಕು. ವಾಪಸ್ ಹಾಕಲು ಬಾರದಂಥ ಬದಲಾವಣೆ ಮಾಡಬೇಡಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ. ಪೂರ್ತಿ ಬಿಚ್ಚಿಟ್ಟ ಎಕ್ಸಾಸ್ಟ್ ಬೇಕು ಅನ್ನುವವರಿಗೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ. ಕಾರನ್ನು ಟ್ರಕ್ ಮೇಲೆ ಹೊರಿಸಿಕೊಂಡು ಹೋಗಿ.

ಪವರ್ ಮುಂದೆ, ದನಿ ಹಿಂದೆ

ಕಾರಿನ ಕೆಳಗೆ ಮಲಗಿ ಮುಂದಿನಿಂದ ಹಿಂದಕ್ಕೆ ನೋಡುತ್ತಾ ಬನ್ನಿ. ಈ ಎಂಜಿನ್‌ನಲ್ಲಿ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಯಂತ್ರ) ಇರುವುದು ಹಿಂಬದಿಯಲ್ಲಿ, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಯಾದ ಫೈರ್‌ವಾಲ್ ಕಡೆ. ಸಿಲಿಂಡರ್‌ಗಳ ಹೊಗೆಯನ್ನು ಒಂದುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇರೆ ಭಾಗವಾಗಿ ಇಲ್ಲ, ಸಿಲಿಂಡರ್ ಹೆಡ್ಡಿನೊಳಗೇ ಎರಕವಾಗಿದೆ. ಹಾಗಾಗಿ ಹಳೆ ಕಾರುಗಳಂತೆ 'ಹೆಡರ್ಸ್ (ಮ್ಯಾನಿಫೋಲ್ಡ್ ಬದಲಿನ ಕೊಳವೆಗಳು) ಹಾಕಿಸ್ತೀನಿ' ಅನ್ನುವ ಮಾತು ಇಲ್ಲಿ ನಡೆಯಲ್ಲ. ಟರ್ಬೊದಿಂದ ಇಳಿಯುವುದು ಡೌನ್‌ಪೈಪ್. ಅದರಲ್ಲೇ ಕ್ಯಾಟ್, ಅದರ ಮುಂದೊಂದು ಹಿಂದೊಂದು ಆಕ್ಸಿಜನ್ ಸೆನ್ಸರ್. ಆಮೇಲೆ ಬಗ್ಗುವ ಫ್ಲೆಕ್ಸ್ ಪೈಪ್, ನಡುವಿನ ಪೈಪು, ಸದ್ದು ತಗ್ಗಿಸುವ ಡಬ್ಬಿಯಾದ ರೆಸೊನೇಟರ್, ಕೊನೆಗೆ ಬಂಪರ್ ಕೆಳಗೆ ಅಡ್ಡ ಮಲಗಿದ ಸೈಲೆನ್ಸರ್.

ಕ್ಯಾಟ್‌ನ ಹಿಂದಿರುವ ಎಲ್ಲವನ್ನೂ ಸೇರಿಸಿ ಕ್ಯಾಟ್‌ಬ್ಯಾಕ್ ಅನ್ನುತ್ತಾರೆ. ಅದನ್ನು ಬದಲಿಸಿದರೆ ದನಿ ಬದಲಾಗುತ್ತದೆ, ಪವರ್ ಹೆಚ್ಚೇನೂ ಏರಲ್ಲ. ಕಂಪನಿ ಟ್ಯೂನಿನಲ್ಲಿ (ಎಂಜಿನ್ ಕಂಪ್ಯೂಟರಿನ ಮೂಲ ಪ್ರೋಗ್ರಾಂನಲ್ಲಿ) ಓಡುವ ಕಾರಿಗೆ ಕ್ಯಾಟ್‌ಬ್ಯಾಕ್ ಒಂದರಿಂದಲೇ ಇಪ್ಪತ್ತು ಎಚ್‌ಪಿ ಬಂತು ಎಂದು ಯಾರಾದರೂ ಹೇಳಿದರೆ ನಕ್ಕು ಟೀ ಕುಡಿಸಿ ಕಳಿಸಿ. ಈ ಕಾರಿನ ಕಂಪ್ಯೂಟರ್ ಇಂತಿಷ್ಟೇ ಟಾರ್ಕ್ ಬೇಕು ಎಂದು ಕೇಳಿ, ಅಷ್ಟು ಸಿಗುವಂತೆ ಬೂಸ್ಟ್, ಅಂದರೆ ಟರ್ಬೊ ಒತ್ತುವ ಗಾಳಿಯ ಒತ್ತಡ, ಹೊಂದಿಸಿಕೊಳ್ಳುತ್ತದೆ. ದಾರಿ ಸಲೀಸಾಯಿತು ಎಂದು ತಾನಾಗಿ ಜಾಸ್ತಿ ಕೊಡುವುದಿಲ್ಲ. ಟರ್ಬೊಗೆ ಕೆಲಸ ಸ್ವಲ್ಪ ಹಗುರಾಗುತ್ತದೆ, ಅಷ್ಟೇ.

ಪವರ್ ಬರುವುದು ಇಸಿಯು ಟ್ಯೂನ್‌ನಿಂದ, ಅಂದರೆ ಆ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದರಿಂದ. ಒಳ್ಳೆ ಪೆಟ್ರೋಲ್ ಹಾಕಿದರೆ ಈ ಎಂಜಿನ್ನಿಗೆ ಬರೀ ಟ್ಯೂನ್‌ನಿಂದ ಐವತ್ತರಿಂದ ಎಪ್ಪತ್ತು ಎಚ್‌ಪಿ ಏರುತ್ತದೆ ಎನ್ನುವುದು ಟ್ಯೂನರ್‌ಗಳ ಲೆಕ್ಕ. ಅದಕ್ಕೆ ಎಕ್ಸಾಸ್ಟ್ ಮುಟ್ಟಲೇಬೇಕು ಎಂದಿಲ್ಲ. ಅದರ ಮೇಲಿನ ಮೆಟ್ಟಿಲು ಡೌನ್‌ಪೈಪ್. ಅಷ್ಟು ದೂರ ಹೋಗುವ ಮೊದಲು ಗೇರ್‌ಬಾಕ್ಸ್ ನೆನಪಿರಲಿ. ಈ ಆರು ಗೇರಿನ ಡಿಎಸ್‌ಜಿಯನ್ನು ಕಂಪನಿ 350ರಿಂದ 400 ಎನ್‌ಎಂ ಒಳಗಿನ ಎಂಜಿನ್‌ಗಳಿಗೆ ಜೋಡಿಸಿದೆ. ಕಾರು ಶೋರೂಮಿನಿಂದ ಬರುವಾಗಲೇ 350 ಇದೆ. ಟ್ಯೂನ್ ಮಾಡಿಸಿದವರು ಗೇರ್‌ಬಾಕ್ಸಿನ ಟ್ಯೂನ್‌ಗೂ ದುಡ್ಡು ಎತ್ತಿಟ್ಟಿರಬೇಕು, ಮುಂದೊಂದು ದಿನ ಕ್ಲಚ್‌ಗೂ.

ಇಲ್ಲಿ ಒಂದು ಹಳೆ ಗೊಂದಲ ಬಿಡಿಸಬೇಕು. 'ಬ್ಯಾಕ್ ಪ್ರೆಶರ್ ಸ್ವಲ್ಪ ಇರಬೇಕು, ಇಲ್ಲಾಂದ್ರೆ ಪಿಕಪ್ ಹೋಗುತ್ತೆ' ಅನ್ನುವ ಮಾತು ಪ್ರತಿ ಗ್ಯಾರೇಜಿನಲ್ಲೂ ಕೇಳುತ್ತದೆ. ಬ್ಯಾಕ್ ಪ್ರೆಶರ್ ಅಂದರೆ ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ. ಯಾವ ಎಂಜಿನ್ನಿಗೂ ಅದು ಬೇಕಿಲ್ಲ. ಟರ್ಬೊ ಇಲ್ಲದ ಎಂಜಿನ್ನಿಗೆ ಬೇಕಾದದ್ದು ಹೊಗೆಯ ಓಟ. ಒಂದು ಸಿಲಿಂಡರ್‌ನಿಂದ ರಭಸವಾಗಿ ಹೋದ ಹೊಗೆ ತನ್ನ ಹಿಂದೆ ಕಡಿಮೆ ಒತ್ತಡ ಬಿಟ್ಟು ಹೋಗುತ್ತದೆ, ಅದು ಮುಂದಿನ ಸಿಲಿಂಡರ್ ಖಾಲಿಯಾಗಲು ನೆರವಾಗುತ್ತದೆ. ಅತಿ ದಪ್ಪ ಪೈಪ್ ಹಾಕಿದಾಗ ಓಟ ನಿಧಾನವಾಗಿ ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಸಾಯುತ್ತದೆ. ಜನ ಅದನ್ನೇ ಬ್ಯಾಕ್ ಪ್ರೆಶರ್ ಹೋಯಿತು ಅಂದುಕೊಂಡರು. ಟರ್ಬೊ ಕಾರಿನಲ್ಲಿ ಲೆಕ್ಕ ಇನ್ನೂ ಸುಲಭ. ಟರ್ಬೊದೊಳಗಿನ ಚಕ್ರ, ಅಂದರೆ ಟರ್ಬೈನ್, ತಿರುಗುವುದು ಅದರ ಮುಂದಿನ ಮತ್ತು ಹಿಂದಿನ ಒತ್ತಡದ ವ್ಯತ್ಯಾಸದಿಂದ. ಹಿಂದೆ ಒತ್ತಡ ಕಡಿಮೆಯಾದಷ್ಟೂ ಅದು ಬೇಗ ಎದ್ದೇಳುತ್ತದೆ.

ಹಾಗಾದರೆ ಮೂರು ಇಂಚಿನ ಪೈಪೇ ಹಾಕೋಣವೇ? ಬೇಡ. ಎರಡೂವರೆ ಇಂಚಿಗಿಂತ ಮೂರು ಇಂಚಿನ ಪೈಪಿನ ಒಳಗೆ ಶೇ 44ರಷ್ಟು ಜಾಸ್ತಿ ಜಾಗ ಇರುತ್ತದೆ. ಮುನ್ನೂರು ಎಚ್‌ಪಿ ಆಸುಪಾಸಿನವರೆಗೆ ಎರಡೂವರೆ ಇಂಚು, ಅಂದರೆ 63.5 ಮಿ.ಮೀ., ರಸ್ತೆಗೆ ಧಾರಾಳ ಸಾಕು. ಮೂರು ಇಂಚು ಹಾಕಿದರೆ ಸಿಗುವ ಮೂರ್ನಾಲ್ಕು ಎಚ್‌ಪಿಗಿಂತ ಹೆಚ್ಚಾಗಿ ಸಿಗುವುದು ಗುಂಯ್ ಅನ್ನುವ ಸದ್ದು, ಪ್ರತಿ ಹಂಪ್‌ನಲ್ಲೂ ಕೆರೆತ. ಬೆಂಗಳೂರಿನ ಹಂಪ್‌ಗಳನ್ನು ಯಾವ ಎಂಜಿನಿಯರ್ ಅಳೆದು ಹಾಕಿಸಿದ್ದಾನೋ ದೇವರಿಗೇ ಗೊತ್ತು.

ಕ್ಯಾಟ್ ಬಗ್ಗೆ ಒಂದು ಮಾತು. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಇದೆ. ಕಾರ್ಬನ್ ಮೊನಾಕ್ಸೈಡ್, ಸುಡದೆ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್ ಮೂರನ್ನೂ ಅದೇ ಸುಧಾರಿಸುತ್ತದೆ. 'ತೆಗೆದುಬಿಡಿ ಸಾರ್, ಫ್ರೀ ಆಗುತ್ತೆ' ಎಂದು ಉತ್ಸಾಹ ತೋರಿಸುವ ಕೆಲವರ ಕಣ್ಣು ಆ ಲೋಹದ ಬೆಲೆ ಮೇಲೆ ಇರುತ್ತದೆ. ತೆಗೆದರೆ ಪಿ0420 ಎಂಬ ಕೋಡ್ ಬಂದು ಚೆಕ್ ಎಂಜಿನ್ ದೀಪ ಉರಿಯುತ್ತದೆ. ಎಮಿಷನ್ ಟೆಸ್ಟಿನಲ್ಲಿ ಬಿಎಸ್4 ಪೆಟ್ರೋಲ್ ಕಾರಿನ ಐಡಲ್ ಕಾರ್ಬನ್ ಮೊನಾಕ್ಸೈಡ್ ಶೇ 0.3 ಮೀರುವಂತಿಲ್ಲ. ಕ್ಯಾಟ್ ಇಲ್ಲದೆ ಅದರೊಳಗೆ ಬರುವುದು ಕಷ್ಟ. ವಾಸನೆಯಂತೂ ಸಿಗ್ನಲ್‌ನಲ್ಲಿ ನಿಂತಾಗ ನಿಮಗೇ ವಾಕರಿಕೆ ತರಿಸುತ್ತದೆ. ಟ್ರ್ಯಾಕ್‌ಗೆಂದು ಡೌನ್‌ಪೈಪ್ ಬದಲಿಸಲೇಬೇಕಾದರೆ 200 ಸೆಲ್‌ನ (ಚದರ ಇಂಚಿಗೆ 200 ಕಿಂಡಿಗಳ) ಲೋಹದ ಕ್ಯಾಟ್ ಇರುವುದನ್ನು ಹಾಕಿ. ಕಂಪನಿಯವು ಸಾಮಾನ್ಯವಾಗಿ 400ರಿಂದ 600 ಸೆಲ್ ಇರುತ್ತವೆ. 200 ಸೆಲ್‌ನದ್ದಕ್ಕೂ ಕೆಲವೊಮ್ಮೆ ಅದೇ ದೀಪ ಉರಿಯುತ್ತದೆ. ಬಿಎಸ್6 ಕಾರಾದರೆ ಕ್ಯಾಟ್ ಜೊತೆ ಮಸಿ ಹಿಡಿಯುವ ಪಾರ್ಟಿಕ್ಯುಲೇಟ್ ಫಿಲ್ಟರ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ನನ್ನ ಕಾರಿನಲ್ಲಿ ಕಂಪನಿಯ ಡೌನ್‌ಪೈಪ್, ಕಂಪನಿಯ ಕ್ಯಾಟ್ ಹಾಗೇ ಇವೆ. ಕೈ ಹಾಕಿರುವುದು ಅದರ ಹಿಂದಿನದಕ್ಕೆ ಮಾತ್ರ.

ಎಂಥ ದನಿ ಸಿಗುತ್ತದೆ

ನಾಲ್ಕು ಸಿಲಿಂಡರ್ ಎಂಜಿನ್ನಿಂದ ವಿ8 ದನಿ ಬರಲ್ಲ. ಎಷ್ಟು ದುಡ್ಡು ಸುರಿದರೂ ಬರಲ್ಲ. ಸುಬಾರು ಕಾರುಗಳ ಗುಡುಗುಡು ಸದ್ದು ಅವುಗಳ ಉದ್ದ-ಗಿಡ್ಡ ಮ್ಯಾನಿಫೋಲ್ಡ್ ಕೊಳವೆಗಳಿಂದ ಬಂದದ್ದು, ಆಡಿಯ ಐದು ಸಿಲಿಂಡರ್ ದನಿ ಆ ಐದರ ಹೊತ್ತಿಕೊಳ್ಳುವ ಲಯದಿಂದ ಬಂದದ್ದು. ನಮ್ಮದರಲ್ಲಿ ಹೊಗೆಯ ಬಡಿತಗಳು ಸಮಸಮವಾಗಿ ಬರುತ್ತವೆ, ಮೇಲೆ ಟರ್ಬೈನ್ ಅವನ್ನು ಇನ್ನಷ್ಟು ಸವರಿ ಕಳಿಸುತ್ತದೆ. ಸಿಗುವುದು ಕೆಳಗೆ ಗಟ್ಟಿ ಎದೆದನಿ, ಮೇಲೆ ಸ್ವಲ್ಪ ಕೊರಳೊಡೆದ ಕೂಗು. ನನಗೆ ಅದೇ ಇಷ್ಟ.

ಗೇರ್ ಬದಲಾಗುವಾಗ, ಕಾಲು ತೆಗೆದಾಗ ಪಟಪಟ ಪಟಾಕಿ ಹೊಡೆಸುವ ಟ್ಯೂನ್‌ಗಳಿಗೆ ಈಗ ಭಾರಿ ಬೇಡಿಕೆ. ಕಿಡಿಯನ್ನು ತಡಮಾಡಿ, ಬೇಡದ ಪೆಟ್ರೋಲ್ ಬಿಟ್ಟು, ಅದು ಎಕ್ಸಾಸ್ಟ್‌ನಲ್ಲಿ ಉರಿಯುವಂತೆ ಮಾಡುವುದು ಅದರ ಗುಟ್ಟು. ಆ ಬೆಂಕಿ ಕ್ಯಾಟ್‌ನ ಒಳಗೇ ಉರಿಯುತ್ತದೆ. ಕ್ಯಾಟ್ ಉಳಿಸಿಕೊಳ್ಳಬೇಕು ಅನ್ನುವವರು ಇದನ್ನು ಕೇಳಲೇಬೇಡಿ. ಆಸ್ಪತ್ರೆ ಮುಂದೆ ಪಟಾಕಿ ಹೊಡೆದುಕೊಂಡು ಹೋಗುವುದರಲ್ಲಿ ಗಂಡಸ್ತನವೂ ಇಲ್ಲ, ಎಂಜಿನಿಯರಿಂಗೂ ಇಲ್ಲ.

ಸೈಲೆನ್ಸರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ತೂತುಗಳಿರುವ ನೇರ ಪೈಪ್, ಅದರ ಸುತ್ತ ಗ್ಲಾಸ್ ವೂಲ್ ಅಥವಾ ಬಸಾಲ್ಟ್ ನಾರು. ಹೊಗೆಗೆ ಅಡ್ಡಿ ಕಡಿಮೆ, ಚುಚ್ಚುವ ಕೀರಲು ಸದ್ದನ್ನು ಚೆನ್ನಾಗಿ ನುಂಗುತ್ತದೆ, ಆದರೆ ತಗ್ಗಿನ ಗುಂಯ್ ಸದ್ದನ್ನು ಹಾಗೇ ಬಿಡುತ್ತದೆ. ಇನ್ನೊಂದರಲ್ಲಿ ಒಳಗೆ ಕೋಣೆಗಳಿರುತ್ತವೆ. ತಗ್ಗಿನ ಸದ್ದನ್ನು ಅದು ಹಿಡಿಯುತ್ತದೆ, ಹೊಗೆಗೂ ಅಷ್ಟಿಷ್ಟು ಅಡ್ಡಿ ಮಾಡುತ್ತದೆ. ನಾನು ಕಟ್ಟಿರುವುದು ಹೀಗೆ: ನಡುವೆ ಉದ್ದನೆಯ ನೇರ ರೆಸೊನೇಟರ್, ಹಿಂದೆ ಕೋಣೆಗಳ ಸೈಲೆನ್ಸರ್, ಅದನ್ನು ಬಳಸಿ ಹೋಗುವ ಒಂದು ಅಡ್ಡದಾರಿಗೆ ವಿದ್ಯುತ್ ವಾಲ್ವ್. ವಾಲ್ವ್ ಮುಚ್ಚಿದ್ದಾಗ ಸದ್ದು ಕಂಪನಿ ಸೈಲೆನ್ಸರ್‌ಗಿಂತ ಒಂದು ಚೂರು ಜಾಸ್ತಿ. ಊರೊಳಗೆ ಅದು ತೆರೆಯುವುದೇ ಇಲ್ಲ. ಈ ವಾಲ್ವ್ ಸಿಗುವ ತನಕ ನನ್ನ ಕಾರು ಮನೆ ಸೇರುವುದು ಬೇಡ ಎಂದು ಅಮ್ಮ ಹೇಳಿದ್ದರು. ಅಗ್ಗದ ವಾಲ್ವ್ ಕೊಳ್ಳಬೇಡಿ, ಬಿಸಿಗೆ ಅದರ ತಟ್ಟೆ ಸಿಕ್ಕಿಹಾಕಿಕೊಂಡು ಕರಕರ ಅನ್ನುತ್ತದೆ.

ಕಬ್ಬಿಣವೋ ಸ್ಟೀಲೋ

ಹೆಸರಾದ ವಿದೇಶಿ ಕಂಪನಿಗಳ ರೆಡಿ ಕ್ಯಾಟ್‌ಬ್ಯಾಕ್ ಕೊಳ್ಳಬಹುದು, ಆಮದು ಸುಂಕ ಸೇರಿ ಲಕ್ಷ ದಾಟುತ್ತದೆ. ಇಲ್ಲಿ ಕಟ್ಟಿಸುವುದಾದರೆ ಪೈಪು ನೀವೇ ನೋಡಿ ಕೊಳ್ಳಿ.

304 ಗ್ರೇಡಿನ ಸ್ಟೇನ್‌ಲೆಸ್ ಬೆಂಗಳೂರಿಗೂ ಮಂಗಳೂರಿನ ಉಪ್ಪುಗಾಳಿಗೂ ತಡೆಯುತ್ತದೆ. ಕಂಪನಿಗಳು ಹೆಚ್ಚಾಗಿ 409 ಗ್ರೇಡ್ ಬಳಸುತ್ತವೆ. ಅದೂ ಬಾಳಿಕೆ ಬರುತ್ತದೆ, ಮೇಲ್ಮೈಯಲ್ಲಿ ಕಂದು ತುಕ್ಕು ಕಾಣುತ್ತದೆ ಅಷ್ಟೇ. ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. 409ಕ್ಕೆ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟಲ್ಲ. ಬಾಗಿಸಿದ ಜಾಗದಲ್ಲಿ 304 ಕೂಡ ಸ್ವಲ್ಪ ಸೆಳೆಯುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಈ ಪರೀಕ್ಷೆ ಪೂರ್ತಿ ನಂಬಲಾಗದು. ಅಗ್ಗದ 200 ಸರಣಿಯ ಸ್ಟೀಲಿಗೂ ಮ್ಯಾಗ್ನೆಟ್ ಅಂಟಲ್ಲ, ಅದು ಬೇಗ ತುಕ್ಕು ಹಿಡಿಯುತ್ತದೆ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ನೀರಿನ ಜಿಐ ಪೈಪ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದರ ಸತುವಿನ ಲೇಪನ ವೆಲ್ಡಿಂಗ್ ಬಿಸಿಗೆ ವಿಷದ ಹೊಗೆಯಾಗುತ್ತದೆ, ವೆಲ್ಡರ್‌ಗೆ ಆ ರಾತ್ರಿ ಚಳಿಜ್ವರ.

ಬಾಗುಗಳು ಮ್ಯಾಂಡ್ರೆಲ್ ಬೆಂಡ್ ಆಗಿರಲಿ. ಒಳಗೆ ಆಸರೆ ಕೊಟ್ಟು ಬಾಗಿಸಿದ್ದರಿಂದ ಪೈಪಿನ ದುಂಡು ಹಾಗೇ ಉಳಿಯುತ್ತದೆ. ಸುಮ್ನೆ ಒತ್ತಿ ಬಾಗಿಸಿದರೆ ಒಳಮೈ ನಜ್ಜಾಗಿ, ಎರಡೂವರೆ ಇಂಚಿಗೆ ದುಡ್ಡು ಕೊಟ್ಟು ಎರಡು ಇಂಚು ತಂದಂತಾಗುತ್ತದೆ.

ಬಿಚ್ಚುವುದು

ಕಾರು ಪೂರ್ತಿ ತಣ್ಣಗಾಗಲಿ. ಸಂಜೆ ಓಡಿಸಿ ಬೆಳಗ್ಗೆ ಕೆಲಸ ಹಿಡಿಯುವುದು ಒಳ್ಳೆಯದು. ಬರೀ ಜಾಕಿ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಆಕ್ಸಲ್ ಸ್ಟ್ಯಾಂಡ್ ನಾಲ್ಕೂ ಕಡೆ ಇಟ್ಟು, ಕಾರನ್ನು ಕೈಯಿಂದ ಅಲುಗಾಡಿಸಿ ನೋಡಿ, ಆಮೇಲೆ ನುಗ್ಗಿ. ಕನ್ನಡಕ ಹಾಕಿಕೊಳ್ಳಿ, ತುಕ್ಕಿನ ಪುಡಿ ಸೀದಾ ಕಣ್ಣಿಗೇ ಬೀಳುತ್ತದೆ.

ಹಳೆ ನಟ್ಟು ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ರಬ್ಬರ್ ಹ್ಯಾಂಗರ್‌ಗಳಿಗೆ ಎಣ್ಣೆ ಬೇಡ, ಸೋಪಿನ ನೀರು ಸಾಕು, ಜಾರಿ ಬರುತ್ತವೆ. ಹಿಂದಿನ ಸೈಲೆನ್ಸರ್ ಭಾರ ಇದೆ, ಇನ್ನೊಬ್ಬರು ಹಿಡಿದುಕೊಂಡಿರಲಿ. ಕಂಪನಿಯ ಪೈಪು ಉದ್ದವಾಗಿ ಒಂದೇ ತುಂಡಾಗಿದ್ದು ಹಿಂದಿನ ಆಕ್ಸಲ್ ಮೇಲಿಂದ ಹೊರಬರದಿದ್ದರೆ, ಕತ್ತರಿಸಲೇಬೇಕಾಗುತ್ತದೆ. ಆಗ ನೇರ ಭಾಗದಲ್ಲಿ, ಕ್ಲಾಂಪ್ ಕೂರುವಷ್ಟು ಜಾಗ ಎರಡೂ ಕಡೆ ಬಿಟ್ಟು ಕತ್ತರಿಸಿ. ಮುಂದೊಂದು ದಿನ ಹಳೆಯದನ್ನೇ ಒಂದು ಬ್ಯಾಂಡ್ ಕ್ಲಾಂಪ್‌ನಿಂದ ಜೋಡಿಸಿಬಿಡಬಹುದು.

ಡೌನ್‌ಪೈಪ್ ಬಿಚ್ಚುವ ಕೆಲಸ ಬೇರೆಯೇ. ಟರ್ಬೊ ಬಾಯಿಗೆ ಬಳೆಯಂತೆ ಸುತ್ತಿ ಬಿಗಿಯುವ ವಿ-ಬ್ಯಾಂಡ್ ಕ್ಲಾಂಪ್ ಇದೆ, ಕೈ ಸೇರುವುದೇ ಕಷ್ಟ. ಹೊರಗೆಳೆಯಲು ಸಾಮಾನ್ಯವಾಗಿ ಡ್ರೈವ್ ಶಾಫ್ಟ್ ಒಂದನ್ನು ಸಡಿಲಿಸಬೇಕು, ಹೀಟ್ ಶೀಲ್ಡ್ ಸರಿಸಬೇಕು. ಲಿಫ್ಟ್ ಇಲ್ಲದವರು ಮನೆ ಅಂಗಳದಲ್ಲಿ ಇದಕ್ಕೆ ಇಳಿಯಬೇಡಿ. ಸೆನ್ಸರ್ ಬಿಚ್ಚಲು ಸೀಳಿರುವ 22 ಮಿ.ಮೀ. ಸಾಕೆಟ್ ಸಿಗುತ್ತದೆ. ವಾಪಸ್ ಹಾಕುವಾಗ ಥ್ರೆಡ್ ಮೇಲೆ ಮಾತ್ರ ಆಂಟಿ-ಸೀಜ್ ಪೇಸ್ಟ್ (ಕಚ್ಚಿಕೊಳ್ಳದಂತೆ ತಡೆಯುವುದು) ಸವರಿ, ತುದಿಗೆ ತಾಗಿದರೆ ಸೆನ್ಸರ್ ಕೆಟ್ಟಿತು. ಡೌನ್‌ಪೈಪನ್ನು ಎಂಜಿನ್ನಿಗೆ ಹಿಡಿದಿಡುವ ಬ್ರಾಕೆಟ್ ಇದೆಯಲ್ಲ, ಹೊಸದಕ್ಕೆ ಹೊಂದುವುದಿಲ್ಲ ಎಂದು ಅದನ್ನು ಬಿಟ್ಟುಬಿಡುವವರಿದ್ದಾರೆ. ಆಗ ಪೂರ್ತಿ ಭಾರ ಟರ್ಬೊ ಮೇಲೆ ಬಿದ್ದು ಮೊದಲು ಫ್ಲೆಕ್ಸ್ ಪೈಪ್ ಹರಿಯುತ್ತದೆ.

ಬೆಸೆಯುವುದು

ಈ ಭಾಗ ನನ್ನ ಊಟ, ಹಾಗಾಗಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಪೈಪುಗಳನ್ನು ಮೊದಲು ಕಾರಿನ ಕೆಳಗೆ ಇಟ್ಟು ಜೋಡಿಸಿ ನೋಡಿ, ಮಾರ್ಕರ್‌ನಿಂದ ಗೆರೆ ಎಳೆಯಿರಿ. ಚುಕ್ಕಿ ವೆಲ್ಡ್ ಹಾಕುವುದಾದರೂ ಕಾರಿನಿಂದ ಇಳಿಸಿಯೇ ಹಾಕಿ, ಮತ್ತೆ ಎತ್ತಿ ನೋಡಿ. ಹಿಂದಿನ ಆಕ್ಸಲ್ ಮುಂದೆಯೇ ಪೆಟ್ರೋಲ್ ಟ್ಯಾಂಕ್ ಇದೆ. ಅದರ ಪಕ್ಕದಲ್ಲಿ ಕಿಡಿ ಹಾರಿಸುವ ಧೈರ್ಯ ಯಾರಿಗೂ ಬೇಡ. ಕಾರಿನಲ್ಲಿರುವಾಗಲೇ ಬೆಸೆಯುತ್ತೇನೆ ಎನ್ನುವ ವೆಲ್ಡರ್‌ಗೆ ಕೈ ಮುಗಿದು ಮುಂದಿನ ಅಂಗಡಿಗೆ ಹೋಗಿ.

ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಬೆಸೆಯುವುದು) ಇರಲಿ. 304ಕ್ಕೆ 304 ಬೆಸೆಯಲು 308ಎಲ್ ಕಡ್ಡಿ, 304ನ್ನು ಕಂಪನಿಯ 409ಕ್ಕೆ ಬೆಸೆಯಲು 309ಎಲ್ ಕಡ್ಡಿ. ಹೊರಗೆ ಬಣ್ಣಬಣ್ಣದ ಚಂದದ ಹೊಲಿಗೆ ಕಂಡು ಮರುಳಾಗಬೇಡಿ, ಪೈಪಿನೊಳಗೆ ಬೆರಳು ಹಾಕಿ. ಒಳಗೆ ಕರಿ ಕರಿ ಹರಳುಗಟ್ಟಿದ್ದರೆ ಬೆಸೆಯುವಾಗ ಒಳಗೆ ಆರ್ಗಾನ್ ತುಂಬಿಲ್ಲ ಎಂದರ್ಥ. ಆ ಜಾಗದಲ್ಲಿ ಸ್ಟೀಲು ಸುಟ್ಟಿದೆ, ಬಿರುಕು ಅಲ್ಲಿಂದಲೇ ಶುರು. ಡೇರಿ ಪೈಪಿಗೆ ಹೀಗೆ ಬೆಸೆದರೆ ಇನ್‌ಸ್ಪೆಕ್ಟರ್ ನಮ್ಮ ಮುಖಕ್ಕೆ ಎಸೆಯುತ್ತಾರೆ. ಕಾರಿನವರು ಒಳಗೆ ನೋಡುವುದೇ ಇಲ್ಲ ಎಂದು ಬಹಳ ಅಂಗಡಿಗಳಲ್ಲಿ ಆರ್ಗಾನ್ ಉಳಿಸುತ್ತಾರೆ. ಪೈಪಿನ ಎರಡೂ ಬಾಯಿಗೆ ಅಲ್ಯುಮಿನಿಯಂ ಟೇಪ್ ಅಂಟಿಸಿ, ಒಂದು ಕಡೆ ಆರ್ಗಾನ್ ನಳಿಕೆ, ಇನ್ನೊಂದು ಕಡೆ ಸಣ್ಣ ತೂತು. ಇಷ್ಟೇ ಕೆಲಸ. ಬೇಕೇ ಬೇಕು ಎಂದು ಹಟ ಹಿಡಿಯಿರಿ.

ಸ್ಟೀಲು ಬಿಸಿಗೆ ಹಿಗ್ಗುತ್ತದೆ, 304 ಇನ್ನೂ ಜಾಸ್ತಿ. ಮೂರು ಮೀಟರ್ ಉದ್ದದ ಪೈಪು ಮುನ್ನೂರು ಡಿಗ್ರಿ ಬಿಸಿಯೇರಿದರೆ ಒಂದೂವರೆ ಸೆಂಟಿಮೀಟರ್ ಉದ್ದವಾಗುತ್ತದೆ. ಶೆಡ್ಡಿನಲ್ಲಿ ಅಂದವಾಗಿ ಬಂಪರ್‌ನ ಕಿಂಡಿಯ ಮಧ್ಯಕ್ಕೆ ಕೂರಿಸಿದ ಪೈಪಿನ ಬಾಯಿ ರಸ್ತೆಗೆ ಬಂದ ಮೇಲೆ ಬಂಪರ್ ಸುಡುವುದು ಇದರಿಂದಲೇ. ಸುತ್ತ ಬೆರಳು ಹೋಗುವಷ್ಟು ಜಾಗ ಬಿಡಿ. ಹ್ಯಾಂಗರ್‌ಗಳು ತಣ್ಣಗಿರುವಾಗ ಒಂದು ಚೂರು ಮುಂದಕ್ಕೆ ವಾಲಿರಲಿ, ಬಿಸಿಯಾದ ಮೇಲೆ ನೇರವಾಗುತ್ತವೆ. ಫ್ಲೆಕ್ಸ್ ಪೈಪ್ ತೆಗೆದು ಗಟ್ಟಿ ಪೈಪ್ ಹಾಕುವುದು ಶುದ್ಧ ತಪ್ಪು. ಎಂಜಿನ್ ಅಲುಗಾಡುವುದನ್ನು ಯಾರಾದರೂ ತಾಳಿಕೊಳ್ಳಬೇಕಲ್ಲ.

ಜೋಡಣೆಗಳಿಗೆ ವಿ-ಬ್ಯಾಂಡ್ ಅಥವಾ ಅಗಲದ ಬ್ಯಾಂಡ್ ಕ್ಲಾಂಪ್ ಹಾಕಿ. ಯು ಆಕಾರದ ಬೋಲ್ಟು ಪೈಪನ್ನು ಕಚ್ಚಿ ನಜ್ಜುಮಾಡುತ್ತದೆ, ಮತ್ತೆ ಬಿಚ್ಚಲಾಗಲ್ಲ. ಕಂಪನಿಯ ಹೀಟ್ ಶೀಲ್ಡ್‌ಗಳನ್ನು ಎಲ್ಲವನ್ನೂ ವಾಪಸ್ ಹಾಕಿ.

ಗುಂಯ್ ಅನ್ನುವುದನ್ನು ಕೊಲ್ಲುವುದು

ಹೊಸ ಎಕ್ಸಾಸ್ಟ್ ಹಾಕಿಸಿ ಎರಡೇ ತಿಂಗಳಿಗೆ ಹಳೆಯದಕ್ಕೆ ಮರಳುವವರು ಓಡುವುದು ಇದರಿಂದ. ಊರೊಳಗೆ ಏನೂ ಗೊತ್ತಾಗಲ್ಲ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತಲೆಯೊಳಗೆ ಕೊರೆಯುವ ಒಂದು ತಗ್ಗಿನ ಸದ್ದು ಹಿಡಿದುಕೊಳ್ಳುತ್ತದೆ. ವೇಗ ಸ್ವಲ್ಪ ಹೆಚ್ಚಿಸಿದರೆ ಇಲ್ಲ, ಕಡಿಮೆ ಮಾಡಿದರೂ ಇಲ್ಲ, ಆ ವೇಗದಲ್ಲೇ ಇದೆ.

ಲೆಕ್ಕ ಸುಲಭ. ನಾಲ್ಕು ಸಿಲಿಂಡರ್ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಬಡಿಯುತ್ತದೆ. ಆರ್‌ಪಿಎಂ ಅನ್ನು 30ರಿಂದ ಭಾಗಿಸಿದರೆ ಸದ್ದಿನ ಹರ್ಟ್ಜ್ ಸಿಗುತ್ತದೆ. 2400ಕ್ಕೆ 80 ಹರ್ಟ್ಜ್, 3000ಕ್ಕೆ 100. ಕಾರಿನ ಕ್ಯಾಬಿನ್ ಈ ಆಸುಪಾಸಿನ ಸದ್ದಿಗೆ ತಾನೂ ದನಿಗೂಡಿಸುತ್ತದೆ. ಫೋನಿನಲ್ಲಿ ಸದ್ದಿನ ಸ್ಪೆಕ್ಟ್ರಮ್ ತೋರಿಸುವ ಒಂದು ಆ್ಯಪ್ ಹಾಕಿಕೊಂಡು, ಪಕ್ಕದಲ್ಲಿ ಕೂತವರ ಕೈಗೆ ಫೋನ್ ಕೊಟ್ಟು, ಎಲ್ಲಿ ಮೊನೆ ಏಳುತ್ತದೆ ನೋಡಿಸಿ. ಓಡಿಸುತ್ತಾ ನೀವೇ ನೋಡಬೇಡಿ.

ಮದ್ದು ಒಂದು ಮೂಗು ಮುಚ್ಚಿದ ಪೈಪ್. ಇಂಗ್ಲಿಷಿನ ಜೆ ಅಕ್ಷರದ ಹಾಗೆ ಬಾಗಿರುವುದರಿಂದ ಜೆ-ಪೈಪ್ ಎನ್ನುತ್ತಾರೆ. ಮುಖ್ಯ ಪೈಪಿನಿಂದ ಕವಲೊಡೆದು, ಸ್ವಲ್ಪ ದೂರ ಹೋಗಿ, ತುದಿ ಮುಚ್ಚಿಕೊಂಡಿರುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಅದರದ್ದೇ ಒಂದು ಸ್ವರ ಬರುತ್ತದಲ್ಲ, ಹಾಗೇ ಈ ಕವಲಿಗೂ ತನ್ನದೇ ಸ್ವರ ಇದೆ. ಆ ಸ್ವರದ ಸದ್ದು ಒಳಗೆ ಹೋಗಿ, ತುದಿಗೆ ಬಡಿದು, ತಿರುಗಿ ಬರುವಾಗ ಮುಖ್ಯ ಪೈಪಿನ ಅದೇ ಸದ್ದಿಗೆ ಉಲ್ಟಾ ಬಿದ್ದು ಎರಡೂ ಕರಗುತ್ತವೆ. ಹೊಗೆಗೆ ಅಡ್ಡಿ ಇಲ್ಲ, ಪವರ್ ನಷ್ಟ ಇಲ್ಲ.

ಕವಲಿನ ಉದ್ದ ಆ ಸದ್ದಿನ ಅಲೆಯ ಕಾಲು ಭಾಗ ಇರಬೇಕು. ಸದ್ದಿನ ವೇಗ ಬಿಸಿಗೆ ಏರುತ್ತದೆ. ಮುಖ್ಯ ಪೈಪಿನ ಹೊಗೆ 300 ಡಿಗ್ರಿ ಇದ್ದರೆ ಸೆಕೆಂಡಿಗೆ 480 ಮೀಟರ್. ಆದರೆ ಮುಚ್ಚಿದ ಕವಲಿನೊಳಗೆ ಹೊಗೆ ಹರಿಯುವುದಿಲ್ಲ, ತಣ್ಣಗಿರುತ್ತದೆ. ಅಲ್ಲಿ 150 ಡಿಗ್ರಿ ಅಂದುಕೊಂಡರೆ ಸುಮಾರು 412 ಮೀಟರ್. 80 ಹರ್ಟ್ಜ್‌ಗೆ ಲೆಕ್ಕ ಹಾಕಿ: 412ನ್ನು 320ರಿಂದ ಭಾಗಿಸಿದರೆ 1.29 ಮೀಟರ್. ಅದೇ 480 ಹಿಡಿದರೆ ಒಂದೂವರೆ ಮೀಟರ್ ಬರುತ್ತದೆ. ಲೆಕ್ಕ ತಪ್ಪುವುದು ಇಲ್ಲೇ, ಹಾಗಾಗಿ ಮೊದಲೇ ತುದಿ ಬೆಸೆದುಬಿಡಬೇಡಿ. ಒಂದರೊಳಗೊಂದು ಜಾರುವ ಎರಡು ಪೈಪು ತಂದು, ಒಳಗಿನದರ ತುದಿ ಮುಚ್ಚಿ, ಕ್ಲಾಂಪ್ ಬಿಗಿದು ಒಂದು ಸುತ್ತು ಹೋಗಿ ಬನ್ನಿ. ನೆಲಮಂಗಲದವರೆಗಿನ ರಸ್ತೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎರಡೆರಡು ಇಂಚು ಸರಿಸುತ್ತಾ ಬಂದರೆ ಒಂದು ಕಡೆ ಸದ್ದು ಸಟಕ್ಕನೆ ಮಾಯವಾಗುತ್ತದೆ. ಆ ಜಾಗದಲ್ಲಿ ಗುರುತು ಹಾಕಿ ಬೆಸೆಯಿರಿ.

ಕವಲು ಮುಖ್ಯ ಪೈಪಿನಷ್ಟೇ ದಪ್ಪ ಇರಲಿ. ಬಾಲದ ತುದಿಗೆ ಅಂಟಿಕೊಂಡಂತೆ ಹಾಕಿದರೆ ಕೆಲಸ ಮಾಡಲ್ಲ, ತೆರೆದ ಬಾಯಿಯ ಹತ್ತಿರ ಸದ್ದಿನ ಒತ್ತಡವೇ ಇರುವುದಿಲ್ಲ. ನನ್ನದು ರೆಸೊನೇಟರ್ ಆದ ಕೂಡಲೇ ಕವಲೊಡೆದು ಪೈಪಿನ ಪಕ್ಕದಲ್ಲೇ ಹಿಂದಕ್ಕೆ ಮಲಗಿದೆ. ಅಮ್ಮ ಈಗ ಹಿಂದಿನ ಸೀಟಿನಲ್ಲಿ ತುಮಕೂರಿನವರೆಗೂ ನಿದ್ದೆ ಮಾಡುತ್ತಾರೆ. ನನಗೆ ಸಿಕ್ಕ ಸರ್ಟಿಫಿಕೇಟು ಅದೇ.

ಸ್ಟಾರ್ಟ್ ಮಾಡಿದ ಮೇಲೆ

ಮೊದಲ ಸ್ಟಾರ್ಟ್ ಬಯಲಿನಲ್ಲಿ ಇರಲಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಎಂಜಿನ್ ತಣ್ಣಗಿರುವಾಗಲೇ ಹಿಂದಿನ ಬಾಯಿಗೆ ದಪ್ಪ ಬಟ್ಟೆ ಒತ್ತಿ ಹಿಡಿದು, ಇನ್ನೊಬ್ಬರು ಜೋಡಣೆಗಳ ಹತ್ತಿರ ಕಿವಿ ಕೊಡಲಿ. ಬುಸ್ ಅಂದರೆ ಸೋರಿಕೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಜಾಗ ತೋರಿಸುತ್ತದೆ. ಮುಂದಿನ ಸೆನ್ಸರ್ ಹತ್ತಿರ ಸೋರಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ, ಪೆಟ್ರೋಲ್ ಸಾಲದು ಎಂದು ಕಂಪ್ಯೂಟರ್‌ಗೆ ಸುಳ್ಳು ಸುದ್ದಿ ಹೋಗುತ್ತದೆ. ಕ್ಯಾಬಿನ್ ಕೆಳಗೆ ಸೋರಿದರೆ ಅದಕ್ಕಿಂತ ಕೆಟ್ಟದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಟ್ಯೂನ್ ಮಾಡಿಸಿದ್ದರೆ ಕಾರಿನ ಕಂಪ್ಯೂಟರ್ ಓದುವ ವಿಸಿಡಿಎಸ್ ಅಥವಾ ಒಬಿಡಿ-ಇಲೆವೆನ್ ಜೋಡಿಸಿ, ಓಡುವಾಗಿನ ಅಂಕಿಗಳ ಲಾಗ್ ತೆಗೆಯಿರಿ. ಕಂಪ್ಯೂಟರ್ ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್ ಎರಡೂ ಜೊತೆಜೊತೆಗೆ ಹೋಗುತ್ತಿವೆಯೇ, ಸಿಲಿಂಡರ್‌ಗಳಲ್ಲಿ ಕಿಡಿ ಎಷ್ಟು ಡಿಗ್ರಿ ಹಿಂದೆ ಸರಿಯುತ್ತಿದೆ ನೋಡಿ. ಡೈನೊ (ಪವರ್ ಅಳೆಯುವ ಯಂತ್ರ) ಶೀಟ್ ಕೊಟ್ಟವರನ್ನು ತಿದ್ದುಪಡಿ ಗುಣಕ ಎಷ್ಟು ಹಾಕಿದಿರಿ ಎಂದು ಕೇಳಿ. ಬೆಂಗಳೂರು ಒಂಬೈನೂರು ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಕಾರಿಗೆ ಆ ಕೊರತೆಯನ್ನು ಲೆಕ್ಕದಲ್ಲಿ ಸೇರಿಸುವುದು ಸರಿ. ಟರ್ಬೊ ಆ ಕೊರತೆಯನ್ನು ಬಹುಮಟ್ಟಿಗೆ ತಾನೇ ತುಂಬಿಕೊಂಡಿರುತ್ತದೆ. ಅದರ ಮೇಲೂ ಗುಣಕ ಸೇರಿಸಿದರೆ ಕಾಗದದ ಮೇಲೆ ಪುಕ್ಕಟೆ ಎಚ್‌ಪಿ ಹುಟ್ಟುತ್ತದೆ. ಹೋಲಿಸಬೇಕಾದದ್ದು ಅದೇ ಯಂತ್ರದ ಮೇಲೆ, ಅದೇ ಪೆಟ್ರೋಲಿನಲ್ಲಿ, ಮೊದಲು ಮತ್ತು ನಂತರ ತೆಗೆದ ಎರಡು ಶೀಟುಗಳನ್ನು. ಅಂದರೆ ಮೊದಲಿನದನ್ನು ಕೆಲಸಕ್ಕೆ ಕೈ ಹಾಕುವ ಮುಂಚೆಯೇ ತೆಗೆಸಿರಬೇಕು.

ಕೆಲವು ಸಲ ಚೆನ್ನಾಗಿ ಬಿಸಿಯಾಗಿ ತಣ್ಣಗಾದ ಮೇಲೆ ಎಲ್ಲ ಕ್ಲಾಂಪುಗಳನ್ನೂ ಇನ್ನೊಮ್ಮೆ ಬಿಗಿಮಾಡಿ. ಎಮಿಷನ್ ಟೆಸ್ಟ್ ಹಳೆಯದು ಮುಗಿಯುವವರೆಗೆ ಕಾಯದೆ ಆ ವಾರವೇ ಮಾಡಿಸಿ, ಎಂಜಿನ್ ಬಿಸಿಯಿದ್ದಾಗ. ಕ್ಯಾಟ್ 250ರಿಂದ 300 ಡಿಗ್ರಿಗೆ ಬಂದ ಮೇಲೇ ಕೆಲಸ ಶುರುಮಾಡುವುದು. ಹಳೆ ಸೈಲೆನ್ಸರ್ ಅಟ್ಟಕ್ಕೆ ಏರಿಸುವ ಮೊದಲು ಅದರೊಳಗೆ ನಿಂತ ನೀರು ಬಸಿದು, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಜಿರಳೆಗಳಿಗೆ ಆ ಜಾಗ ತುಂಬಾ ಇಷ್ಟ.